ಜರ್ಮನಿಗೆ ಹೊರಟ ನಮ್ಮ ಕರಾವಳಿಯವರಿಗೆ: ಮೊದಲು ಸಿಮ್, ಕಾಂಟ್ರಾಕ್ಟ್ ಆಮೇಲೆ

ಜರ್ಮನಿಯಲ್ಲಿ ಇಳಿದ ವಾರವೇ ಎರಡು ವರ್ಷದ ಮೊಬೈಲ್ ಕಾಂಟ್ರಾಕ್ಟಿಗೆ ಸಹಿ ಹಾಕಬೇಡಿ. ಮೊದಲ ಕೆಲವು ತಿಂಗಳಿಗೆ ಪ್ರೀಪೇಯ್ಡ್ ಸಿಮ್ ಧಾರಾಳ ಸಾಕು. ನಾನು ಹೇಳಬೇಕಾದ ಮುಖ್ಯ ವಿಷಯ ಇಷ್ಟೇ. ಆದರೆ ಇಷ್ಟೇ ಹೇಳಿದರೆ ಯಾರೂ ನಂಬುವುದಿಲ್ಲ, "ಯಾಕೆ ಮಾರಾಯ್ರೆ, ಅಲ್ಲಿ ಕಾಂಟ್ರಾಕ್ಟ್ ಜೊತೆ ಒಂದು ಯೂರೋಗೆ ಐಫೋನ್ ಕೊಡ್ತಾರಂತಲ್ಲ" ಅನ್ನುತ್ತಾರೆ. ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಾನು ಇರುವುದು ಸ್ಟುಟ್‌ಗಾರ್ಟ್ ಹತ್ತಿರ, ಮನೆ ಉಡುಪಿಯಲ್ಲಿ. ಮಳೆಗಾಲದಲ್ಲಿ ರಜೆಗೆ ಬಂದಾಗ ಅಕ್ಟೋಬರ್ ಸೆಮಿಸ್ಟರಿಗೆ ಹೊರಟವರು ಮನೆಗೆ ಬರುತ್ತಾರೆ. ಮಣಿಪಾಲ, ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಮುಗಿಸಿದವರು ಒಂದು ಕಡೆ. ಮಂಗಳೂರಿನಲ್ಲಿ ನರ್ಸಿಂಗ್ ಕಲಿತು, ಜರ್ಮನ್ ಭಾಷೆಯ ಬಿ2 ಮಟ್ಟದ ಪರೀಕ್ಷೆ ಪಾಸಾಗಿ, ಆಸ್ಪತ್ರೆ ಕೆಲಸಕ್ಕೆ ಹೊರಟವರು ಇನ್ನೊಂದು ಕಡೆ. ಉಪ್ಪಿನಕಾಯಿ ಎಷ್ಟು ಕೆಜಿ ತಕೊಂಡು ಹೋಗಬಹುದು ಅಂತ ಕೇಳಿದ ಮೇಲೆ ಬರುವ ಪ್ರಶ್ನೆಯೇ ಫೋನಿನದ್ದು.

ಅರ್ಧ ಕೆಲಸ ಊರಲ್ಲೇ ಮುಗಿಸಬೇಕು. ಇದನ್ನು ಜಾಸ್ತಿ ಜನ ಮರೆಯುತ್ತಾರೆ.

ಹೊಸ ಫೋನ್ ಇಲ್ಲೇ ತಕೊಳ್ಳುವುದಾದರೆ ಅಂಗಡಿಯವನ ಹತ್ತಿರ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುವ ಮೊದಲು ಎರಡು ವಿಷಯ ನೋಡಿ. ಒಂದು, ಅದರಲ್ಲಿ ಎಲ್‌ಟಿಇ (ಅಂದರೆ 4ಜಿ) ಬ್ಯಾಂಡ್ 20 ಉಂಟಾ? ಇದು 800 ಮೆಗಾಹರ್ಟ್ಸ್‌ನ ತರಂಗ. ಜರ್ಮನಿಯಲ್ಲಿ ಹಳ್ಳಿ ಕಡೆ, ಕಟ್ಟಡದ ಒಳಗೆ ಸಿಗ್ನಲ್ ಸಿಗಬೇಕಾದರೆ ಇದು ಬೇಕು. ಭಾರತದಲ್ಲಿ ಈ ಬ್ಯಾಂಡ್ ಬಳಕೆಯಲ್ಲಿ ಇಲ್ಲ. ಹಾಗಾಗಿ ಇಲ್ಲಿಗೆಂದೇ ಮಾಡಿದ ಕೆಲವು ಕಡಿಮೆ ಬೆಲೆಯ ಫೋನುಗಳಲ್ಲಿ ಅದನ್ನು ಬಿಟ್ಟಿರುತ್ತಾರೆ. ಜರ್ಮನಿಯಲ್ಲಿ 3ಜಿ 2021ರಲ್ಲೇ ನಿಂತುಹೋಗಿದೆ. 4ಜಿ ಸರಿಯಾಗಿ ಹಿಡಿಯದಿದ್ದರೆ ಫೋನ್ ನೇರ 2ಜಿಗೆ ಇಳಿಯುತ್ತದೆ, ಆಮೇಲೆ ಮ್ಯಾಪ್ ಕೂಡ ತೆರೆಯುವುದಿಲ್ಲ. ಎರಡು, ಎನ್‌ಎಫ್‌ಸಿ ಉಂಟಾ? ಫೋನ್ ಮುಟ್ಟಿಸಿ ದುಡ್ಡು ಕೊಡಲು ಬೇಕು. ಅಲ್ಲಿನ ವಾಸದ ಪರವಾನಗಿ ಕಾರ್ಡನ್ನು ಆನ್‌ಲೈನ್ ಗುರುತಿಗೆ ಬಳಸುವಾಗಲೂ ಬೇಕು.

ಸ್ಯಾಮ್‌ಸಂಗ್ ತಕೊಂಡವರು ಪೆಟ್ಟಿಗೆಯ ಮೇಲಿನ ಚೀಟಿ ಓದಿ. ಕೆಲವು ಮಾದರಿಗಳಿಗೆ ಪ್ರದೇಶದ ಬೀಗ ಇರುತ್ತದೆ. ಮೊದಲು ಇಲ್ಲಿನ ಸಿಮ್ ಹಾಕಿ, ಒಟ್ಟು ಐದು ನಿಮಿಷಕ್ಕಿಂತ ಹೆಚ್ಚು ಮಾತಾಡಿದ ಮೇಲೆಯೇ ಬೇರೆ ದೇಶದ ಸಿಮ್ಮನ್ನು ಅದು ಒಪ್ಪುತ್ತದೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಫೋನ್ ತಕೊಂಡು, ಸೀಲ್ ಒಡೆಯದೆ ಬ್ಯಾಗಿಗೆ ಹಾಕಿ, ಫ್ರಾಂಕ್‌ಫರ್ಟಿನಲ್ಲಿ ಬಿಚ್ಚಿದರೆ ಕಷ್ಟ. ಇಲ್ಲೇ ಬಿಚ್ಚಿ, ಸಿಮ್ ಹಾಕಿ, ಅಜ್ಜಿಗೆ ಒಂದು ಫೋನ್ ಮಾಡಿ. ಐದು ನಿಮಿಷ ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ.

ವಾರಂಟಿಯನ್ನೂ ಯೋಚಿಸಿ. ಇಲ್ಲಿ ತಕೊಂಡ ಆಂಡ್ರಾಯ್ಡ್ ಫೋನುಗಳ ವಾರಂಟಿ ಸಾಮಾನ್ಯವಾಗಿ ಇಲ್ಲಿಗೆ ಮಾತ್ರ. ಜರ್ಮನಿಯಲ್ಲಿ ಹೊಸ ಫೋನ್ ತಕೊಂಡರೆ ಮಾರಿದ ಅಂಗಡಿಗೆ ಕಾನೂನಿನಂತೆ ಎರಡು ವರ್ಷದ ಹೊಣೆ ಇರುತ್ತದೆ. ಈಗಿರುವ ಫೋನ್ ಚೆನ್ನಾಗಿದ್ದರೆ ಅದನ್ನೇ ತಕೊಂಡು ಹೋಗಿ, ಹೊಸದು ಅಲ್ಲಿ ನೋಡಿದರಾಯಿತು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಊರಿನ ನಂಬರ್. ಇದನ್ನು ಯಾವ ಕಾರಣಕ್ಕೂ ಸಾಯಲು ಬಿಡಬೇಡಿ. ಕೆನರಾ ಬ್ಯಾಂಕೋ ಕರ್ಣಾಟಕ ಬ್ಯಾಂಕೋ, ಶಿಕ್ಷಣ ಸಾಲ ಯಾವುದರಲ್ಲೇ ಇರಲಿ, ಒಟಿಪಿ ಬರುವುದು ಆ ನಂಬರಿಗೆ. ಆಧಾರ್‌ಗೂ ಅದೇ. ವಿದೇಶಿ ನಂಬರಿನಲ್ಲೇ ಯುಪಿಐ ಬಳಸಲು 2023ರ ಜನವರಿಯಲ್ಲಿ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಹತ್ತು ದೇಶಗಳಿಗೆ ಅನುಮತಿ ಕೊಟ್ಟಿತು. ದುಬೈ, ಒಮಾನ್, ಕತಾರ್‌ನಲ್ಲಿರುವ ನಮ್ಮವರಿಗೆ ಅದರಿಂದ ಅನುಕೂಲವಾಯಿತು. ಆ ಹತ್ತರಲ್ಲಿ ಜರ್ಮನಿ ಇರಲಿಲ್ಲ. ಗಲ್ಫಿನಲ್ಲಿರುವ ಭಾವ "ಊರಿನ ಸಿಮ್ ಎಲ್ಲ ಬೇಡ, ಬಿಸಾಡು" ಅಂದರೆ ಅವರ ಮಾತು ಅವರಿಗೆ ಸರಿ, ನಿಮಗಲ್ಲ.

ಹೊರಡುವ ಮೊದಲು ಪೋಸ್ಟ್‌ಪೇಯ್ಡ್ ಇದ್ದರೆ ಕಡಿಮೆ ಖರ್ಚಿನ ಪ್ರೀಪೇಯ್ಡ್ ಮಾಡಿಕೊಳ್ಳಿ, ಮನೆಯಲ್ಲಿ ಒಬ್ಬರಿಗೆ ರೀಚಾರ್ಜ್ ಜವಾಬ್ದಾರಿ ಕೊಡಿ. ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಉಂಟಾ ಅಂತ ಖಚಿತ ಮಾಡಿಕೊಳ್ಳಿ, ಇಲ್ಲದಿದ್ದರೆ ಅಲ್ಲಿ ಎಸ್ಸೆಮ್ಮೆಸ್ಸೇ ಬರುವುದಿಲ್ಲ. ಕಾರ್ಕಳ, ಕುಂದಾಪುರದ ಒಳಗಿನ ಹಳ್ಳಿಗಳಲ್ಲಿ ಬಿಎಸ್‌ಎನ್‌ಎಲ್ ಇಟ್ಟುಕೊಂಡವರು ಜಾಸ್ತಿ. ಅವರು ಇದಕ್ಕೆಂದೇ ಒಮ್ಮೆ ಕಚೇರಿಗೆ ಹೋಗಿ ಬರುವುದು ಒಳ್ಳೆಯದು. ಸಿಮ್ ಯಾರ ಹೆಸರಲ್ಲಿ ಉಂಟು ಅಂತಲೂ ನೋಡಿ. ಕಾಲೇಜಿಗೆ ಸೇರುವಾಗ ಅಪ್ಪನ ಹೆಸರಲ್ಲಿ ತಕೊಂಡ ಸಿಮ್ಮನ್ನೇ ಎಷ್ಟೋ ಮಕ್ಕಳು ಇವತ್ತಿಗೂ ಬಳಸುತ್ತಾರೆ. ಸಿಮ್ ಕಳೆದುಹೋದರೆ ಬದಲಿ ಸಿಮ್ಮಿಗೆ ಹೆಸರಿರುವವರೇ ಹೋಗಬೇಕು, ಅಲ್ವಾ? ಆ ಮಟ್ಟಿಗೆ ಅಪ್ಪನ ಹೆಸರಲ್ಲಿ ಇರುವುದೇ ಒಮ್ಮೊಮ್ಮೆ ಉಪಕಾರಕ್ಕೆ ಬರುತ್ತದೆ.

ಊರಿನ ನಂಬರನ್ನು ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಮಾಡಲಾ ಅಂತ ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಪ್ಲಾಸ್ಟಿಕ್ ಸಿಮ್ ಆದರೆ ಫೋನ್ ಒಡೆದ ದಿನ ಗೆಳೆಯನ ಫೋನಿಗೆ ಹಾಕಿ ಒಟಿಪಿ ನೋಡಬಹುದು. ಇ-ಸಿಮ್ ಬೇಕಿದ್ದರೆ ಜರ್ಮನಿಯದ್ದು ಮಾಡಿಕೊಳ್ಳಿ.

ಮಂಗಳೂರಿನಿಂದ ಜರ್ಮನಿಗೆ ನೇರ ವಿಮಾನ ಇಲ್ಲ. ಬೆಂಗಳೂರೋ ಮುಂಬೈಯೋ ದಾಟಿ ಇಳಿಯುವಷ್ಟರಲ್ಲಿ ಸಾಕೋಸಾಕಾಗಿರುತ್ತದೆ. ವಿಮಾನದಲ್ಲೇ ಊರಿನ ಸಿಮ್ಮಿನ ಡೇಟಾ ಬಂದ್ ಮಾಡಿ. ಐಫೋನಿನಲ್ಲಿ ಒಂದು ಸಿಮ್ಮಿಗೆ ನೆಟ್ ಸಿಗದಿದ್ದರೆ ಇನ್ನೊಂದರದ್ದು ಬಳಸುವ ಆಯ್ಕೆ ಉಂಟು, ಅದನ್ನೂ ತೆಗೆಯಿರಿ. ರೋಮಿಂಗ್‌ನಲ್ಲಿ ಬರುವ ಎಸ್ಸೆಮ್ಮೆಸ್‌ಗೆ ದುಡ್ಡಿಲ್ಲ. ಬರುವ ಕರೆ ಎತ್ತಿದರೆ ದುಡ್ಡು. "ಮುಟ್ಟಿದ್ಯಾ ಮಗಾ" ಅಂತ ಅಮ್ಮ ಮಾಮೂಲಿ ನಂಬರಿಗೆ ಫೋನ್ ಮಾಡಿದರೆ ಎತ್ತಬೇಡಿ, ವೈಫೈ ಸಿಕ್ಕಿದ ಮೇಲೆ ವಾಟ್ಸಾಪ್ ಮಾಡಿ. ಇದನ್ನು ಅಮ್ಮನಿಗೆ ಮೊದಲೇ ಹೇಳಿ ಹೊರಡಿ, ಇಲ್ಲದಿದ್ದರೆ ಎತ್ತಲಿಲ್ಲ ಅಂತ ಇಡೀ ಕೇರಿಗೇ ಗಾಬರಿ.

ವಿಮಾನ ನಿಲ್ದಾಣದಲ್ಲಿ ಸಿಮ್ ಕೊಳ್ಳುವ ಅವಸರ ಬೇಡ, ಅಲ್ಲಿ ಬೆಲೆ ಜಾಸ್ತಿ. ಮೊದಲ ಎರಡು ದಿನಕ್ಕೆ ಪ್ರವಾಸಿಗರ ಇ-ಸಿಮ್ ಹಾಕಿಕೊಂಡರೂ ಆದೀತು. ಆದರೆ ಸಾಮಾನ್ಯವಾಗಿ ಅದರಲ್ಲಿ ಡೇಟಾ ಮಾತ್ರ, ಜರ್ಮನ್ ನಂಬರ್ ಸಿಗುವುದಿಲ್ಲ. ಬ್ಯಾಂಕಿಗೆ, ಮನೆ ಮಾಲೀಕರಿಗೆ ಆ ನಂಬರ್ ಬೇಕೇ ಬೇಕು.

ಅಲ್ಲಿ ಪ್ರೀಪೇಯ್ಡ್ ಸಿಮ್ ಸಿಗುವುದು ದಿನಸಿ ಅಂಗಡಿಯಲ್ಲಿ. ಆಲ್ಡಿ, ಲಿಡ್ಲ್, ಎಡೇಕಾ ಇವೆಲ್ಲ ತರಕಾರಿ ಮಾರುವ ಸೂಪರ್ ಮಾರ್ಕೆಟುಗಳು, ಅವುಗಳದ್ದೇ ಹೆಸರಿನ ಸಿಮ್ಮೂ ಉಂಟು. ಟವರ್ ಅವರದ್ದಲ್ಲ. ಲಿಡ್ಲ್ ಕನೆಕ್ಟ್ ವೊಡಾಫೋನ್ ನೆಟ್‌ವರ್ಕಿನಲ್ಲಿ, ಆಲ್ಡಿ ಟಾಕ್ ಓ2 ನೆಟ್‌ವರ್ಕಿನಲ್ಲಿ, ಎಡೇಕಾದ್ದು ಟೆಲಿಕಾಮ್‌ನಲ್ಲಿ ಓಡುತ್ತದೆ. ಟೆಲಿಕಾಮ್, ವೊಡಾಫೋನ್, ಓ2, ಇವೇ ಹಳೆಯ ಮೂರು ನೆಟ್‌ವರ್ಕುಗಳು. ನಾಲ್ಕನೆಯದು ಹೊಸದಾಗಿ ಬಂದ 1&1. ಯಾವುದು ಒಳ್ಳೆಯದು ಅಂತ ನನ್ನ ಹತ್ತಿರ ಕೇಳಿ ಪ್ರಯೋಜನ ಇಲ್ಲ. ನೀವಿರುವ ಹಾಸ್ಟೆಲಿನ ಅದೇ ಮಹಡಿಯವರನ್ನು ಕೇಳಿ. ದಪ್ಪ ಗೋಡೆಯ ಹಳೆ ಕಟ್ಟಡ, ನೆಲಮಾಳಿಗೆಯ ರೂಮು ಆದರೆ ಊರಿಗೆಲ್ಲ ಒಳ್ಳೆಯದಾದ ನೆಟ್‌ವರ್ಕೂ ಅಲ್ಲಿ ಸಿಗದೇ ಇರಬಹುದು. ಪ್ರೀಪೇಯ್ಡ್ ಆದರೆ ಒಂದು ತಿಂಗಳು ನೋಡಿ ಬದಲಾಯಿಸಬಹುದು. ಪ್ಯಾಕ್ ಲೆಕ್ಕ ಹೆಚ್ಚಾಗಿ ನಾಲ್ಕು ವಾರಕ್ಕೆ, ಅಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ. ನಮ್ಮ 28 ದಿನದ ರೀಚಾರ್ಜ್ ನೋಡಿದವರಿಗೆ ಇದು ಹೊಸತೇನಲ್ಲ.

ಸಿಮ್ ತಂದ ಕೂಡಲೇ ಕೆಲಸ ಮಾಡುವುದಿಲ್ಲ. 2017ರ ಜುಲೈಯಿಂದ ಪ್ರೀಪೇಯ್ಡ್ ಸಿಮ್ಮಿಗೂ ಗುರುತು ಪರಿಶೀಲನೆ ಕಡ್ಡಾಯ. ಇಲ್ಲಿಯ ಹಾಗೆ ಹೆಬ್ಬೆಟ್ಟು ಒತ್ತಿ ಮುಗಿಯುವುದಿಲ್ಲ. ಆನ್‌ಲೈನಿನಲ್ಲಿ ಹೆಸರು, ಜರ್ಮನಿಯ ವಿಳಾಸ ತುಂಬಿಸಬೇಕು. ಆಮೇಲೆ ವಿಡಿಯೋ ಕರೆಯಲ್ಲಿ ಒಬ್ಬರು ಬಂದು ಪಾಸ್‌ಪೋರ್ಟ್ ತೋರಿಸಿ, ಓರೆ ಮಾಡಿ, ಬೆರಳು ಅಡ್ಡ ತನ್ನಿ ಅನ್ನುತ್ತಾರೆ. ಒಳ್ಳೆಯ ಬೆಳಕು, ಒಳ್ಳೆಯ ವೈಫೈ ಇರುವಲ್ಲಿ ಕೂತುಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಹೆಸರು ಬರೆಯಿರಿ. ಇನಿಶಿಯಲ್ಲೇ ಸರ್‌ನೇಮ್ ಆಗಿರುವವರಿಗೆ, ಸರ್‌ನೇಮೇ ಇಲ್ಲದವರಿಗೆ ಇಲ್ಲಿ ತಲೆನೋವು ಗ್ಯಾರಂಟಿ. ವಿಡಿಯೋದಲ್ಲಿ ನಮ್ಮ ಪಾಸ್‌ಪೋರ್ಟ್ ಒಪ್ಪದಿದ್ದರೆ ಅದೇ ಕೆಲಸವನ್ನು ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಮಾಡಿಸುವ ದಾರಿಯನ್ನು ಆರಿಸಿ. ಕಾಗದ ಪ್ರಿಂಟ್ ಮಾಡಿ, ಪಾಸ್‌ಪೋರ್ಟ್ ಹಿಡಿದು ಹೋದರೆ ಆಯಿತು.

ಆಕ್ಟಿವೇಟ್ ಆದ ಸಿಮ್ ಹಾಕಿದರೆ ನಾಲ್ಕು ಅಂಕಿಯ ಪಿನ್ ಕೇಳುತ್ತದೆ. ಇದು ಫೋನಿನ ಲಾಕ್ ಅಲ್ಲ, ಸಿಮ್ಮಿನದ್ದು. ನಮ್ಮಲ್ಲಿ ಇದರ ಅಭ್ಯಾಸ ಇಲ್ಲದ ಕಾರಣ ಹೊಸಬರು ಜನ್ಮದಿನ, 1234 ಎಲ್ಲ ಒತ್ತಿ ನೋಡುತ್ತಾರೆ. ಮೂರು ಸಲ ತಪ್ಪಿದರೆ ಬೀಗ ತೆಗೆಯಲು ಎಂಟು ಅಂಕಿಯ ಪುಕ್ ಕೋಡ್ ಬೇಕು. ಅದೂ ಹತ್ತು ಸಲ ತಪ್ಪಿದರೆ ಸಿಮ್ ಸತ್ತಂತೆ. ಪಿನ್, ಪುಕ್ ಎರಡೂ, ಸಿಮ್ ಬಂದ ಕಾರ್ಡಿನ ಮೇಲೆ ಇರುತ್ತದೆ. ಅದನ್ನು ಬಿಸಾಡಬೇಡಿ, ಫೋಟೋ ತೆಗೆದು ಬೇರೆಲ್ಲಾದರೂ ಇಡಿ. ಕರೆ ಹೋಗುತ್ತದೆ, ನೆಟ್ ಬರುವುದಿಲ್ಲ ಅಂದರೆ ಫೋನನ್ನು ಕಂಪೆನಿಯ ನೆಟ್ಟಿಗೆ ಜೋಡಿಸುವ ಎಪಿಎನ್ ಸೆಟ್ಟಿಂಗ್ ನೋಡಿ. ವಾಟ್ಸಾಪಿನ ನಂಬರ್ ಬದಲಾಯಿಸಬೇಕಾಗಿಲ್ಲ, ಊರಿನ ನಂಬರಿನಲ್ಲೇ ಓಡುತ್ತದೆ.

ಈಗ ಒಂದು ಯೂರೋ ಐಫೋನಿಗೆ ಬರೋಣ. ಕಾಂಟ್ರಾಕ್ಟಿಗೆ ಮೊದಲು ಅವರು ನಿಮ್ಮ ಶೂಫಾ ನೋಡುತ್ತಾರೆ, ಅಂದರೆ ಸಾಲ, ಬಿಲ್ಲು ಸರಿಯಾಗಿ ಕಟ್ಟಿದ್ದರ ದಾಖಲೆ, ನಮ್ಮ ಸಿಬಿಲ್ ಇದ್ದ ಹಾಗೆ. ಹೊಸದಾಗಿ ಬಂದವರ ಹೆಸರಲ್ಲಿ ಅಲ್ಲಿ ಏನೂ ಇರುವುದಿಲ್ಲ, ಹಾಗಾಗಿ ಅರ್ಜಿ ತಿರಸ್ಕಾರ ಆದರೆ ಬೇಜಾರು ಬೇಡ. ಸಿಕ್ಕಿದರೂ ಲೆಕ್ಕ ಹಾಕಿ. ಉದಾಹರಣೆಗೆ ತಿಂಗಳಿಗೆ 40 ಯೂರೋ ಅಂತಿಟ್ಟುಕೊಳ್ಳಿ, 24 ತಿಂಗಳಿಗೆ 960 ಆಯಿತು. ಬರೀ ಸಿಮ್ 15 ಯೂರೋಗೆ ಸಿಗುವುದಾದರೆ ಅಷ್ಟೇ ಸಮಯಕ್ಕೆ 360. ನಡುವಿನ 600 ಯೂರೋ ಆ ಫೋನಿನ ಬೆಲೆ. ಒಂದು ಯೂರೋ ಸುಮ್ನೆ ಬೋರ್ಡಿಗೆ. ಅದೇ ಫೋನ್ ಹೊರಗೆ ಎಷ್ಟಕ್ಕೆ ಸಿಗುತ್ತದೆ ನೋಡಿ, ಆಮೇಲೆ ತೀರ್ಮಾನ ಮಾಡಿ. ಬೆಲೆಯ ತಲೆ ಮೇಲಿನ ಸಣ್ಣ ಅಂಕಿ ಯಾವ ಅಡಿಟಿಪ್ಪಣಿಗೆ ಹೋಗುತ್ತದೆ ಅಂತಲೂ ಓದಿ. ಕೆಲವು ತಿಂಗಳಾದ ಮೇಲೆ ಬೆಲೆ ಏರುವುದು, ಶುರುವಿಗೆ ಕಟ್ಟುವ ಸಂಪರ್ಕ ಶುಲ್ಕ, ಎಲ್ಲ ಅಲ್ಲಿ ಅಡಗಿರುತ್ತದೆ.

ಕಾನೂನು ಈಗ ಮೊದಲಿಗಿಂತ ಗ್ರಾಹಕರ ಕಡೆ ಇದೆ. 2021ರ ಡಿಸೆಂಬರಿನಿಂದ, ಸಹಿ ಹಾಕುವ ಮೊದಲೇ ಕಾಂಟ್ರಾಕ್ಟಿನ ಸಾರಾಂಶವನ್ನು ಅವರು ಬರಹದಲ್ಲಿ ಕೊಡಬೇಕು. ಮೊದಲ ಅವಧಿ 24 ತಿಂಗಳಿಗಿಂತ ಉದ್ದ ಇರುವಂತಿಲ್ಲ. ಅದು ಮುಗಿದ ಮೇಲೆ ತಾನಾಗಿ ಮುಂದುವರಿದರೂ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. ರದ್ದು ಮಾಡಲು ಮರೆತರೆ ಇನ್ನೊಂದು ವರ್ಷ ಸಿಕ್ಕಿಬೀಳುತ್ತೀರಿ ಅಂತ ಹಳಬರು ಹೆದರಿಸುವುದು ಅದಕ್ಕಿಂತ ಹಿಂದಿನ ಕತೆ. ಆನ್‌ಲೈನಿನಲ್ಲಿ ಮಾರುವವರು ರದ್ದು ಮಾಡುವ ಬಟನ್ನನ್ನೂ ಇಡಬೇಕು, ಇದು 2022ರ ಜುಲೈಯಿಂದ. ಹನ್ನೆರಡು ತಿಂಗಳ ಕಾಂಟ್ರಾಕ್ಟನ್ನೂ ಪ್ರತಿ ಕಂಪೆನಿ ಒಂದಾದರೂ ಇಟ್ಟಿರಬೇಕು. ಅಂಗಡಿಯವರು ತಾವಾಗಿ ತೋರಿಸುವುದಿಲ್ಲ, ಕೇಳಬೇಕು.

ಒಂದು ಎಚ್ಚರಿಕೆ. ಆನ್‌ಲೈನಿನಲ್ಲಿ ಅಥವಾ ಫೋನಿನಲ್ಲಿ ಮಾಡಿದ ಕಾಂಟ್ರಾಕ್ಟನ್ನು 14 ದಿನದೊಳಗೆ ಕಾರಣ ಕೊಡದೆ ವಾಪಸ್ ಮಾಡಬಹುದು. ಅಂಗಡಿಯಲ್ಲಿ ಕೂತು ಸಹಿ ಹಾಕಿದರೆ ಆ ಹಕ್ಕು ಇಲ್ಲ. ಬ್ರಹ್ಮಾವರ ಕಡೆಯ ಹುಡುಗನೊಬ್ಬ ಮಾಲಿನ ಒಂದು ಅಂಗಡಿಯಲ್ಲಿ "ಟ್ಯಾಬ್ಲೆಟ್ ಫ್ರೀ" ಅಂದದ್ದಕ್ಕೆ ಪರದೆಯ ಮೇಲೆ ಎರಡು ಸಲ ಸಹಿ ಹಾಕಿ ಬಂದ. ಎರಡನೆಯದು ಟ್ಯಾಬ್ಲೆಟ್ ಸಿಮ್ಮಿನ ಬೇರೆಯೇ ಕಾಂಟ್ರಾಕ್ಟ್. ಎರಡು ವರ್ಷ ಅದಕ್ಕೂ ಕಟ್ಟಿದ. ಜರ್ಮನ್ ಬಲ್ಲವರು ಜೊತೆಗಿಲ್ಲದೆ ಅಂಗಡಿಯಲ್ಲಿ ಸಹಿ ಬೇಡ. ಕಟ್ಟದೆ ಬಿಟ್ಟ ಬಿಲ್ಲು ಶೂಫಾಕ್ಕೆ ಹೋದರೆ ಮುಂದೆ ಬಾಡಿಗೆ ಮನೆಯೂ ಕಷ್ಟ.

ಯಾವ ಸಿಮ್ ಆದರೂ ಸರಿ, ಹೊರಗಿನ ಕಂಪೆನಿಗಳು ಮೊಬೈಲ್ ಬಿಲ್ಲಿನ ಮೂಲಕ ದುಡ್ಡು ಎತ್ತುವುದನ್ನು ತಡೆಯಲು ಹೇಳಿ. ಡ್ರಿಟ್‌ಆನ್‌ಬೀಟರ್‌ಷ್ಪೆರ್ರೆ ಅಂತ ಕೇಳಿದರೆ ಗೊತ್ತಾಗುತ್ತದೆ, ಉಚಿತ. ಮುಂದೆ ಕಂಪೆನಿ ಬದಲಾಯಿಸುವಾಗ ನಂಬರ್ ತಕೊಂಡು ಹೋಗುವುದಕ್ಕೂ ಈಗ ಖರ್ಚಿಲ್ಲ. ಯುರೋಪಿಯನ್ ಒಕ್ಕೂಟದ ಒಳಗೆ ತಿರುಗಿದರೆ 2017ರ ಜೂನ್‌ನಿಂದ ರೋಮಿಂಗ್‌ಗೆ ಬೇರೆ ದುಡ್ಡಿಲ್ಲ. ಸ್ವಿಟ್ಜರ್ಲೆಂಡ್ ಅದರಲ್ಲಿ ಸೇರಿಲ್ಲ. ಅಲ್ಲಿಗೆ ರೈಲು ಹತ್ತುವ ಮೊದಲು ಪ್ಲಾನ್ ನೋಡಿ, ಇಲ್ಲವೇ ಡೇಟಾ ಬಂದ್ ಮಾಡಿ.

ಮುಂದೊಂದು ದಿನ ಹೊಸ ಫೋನ್ ತಕೊಂಡಾಗ ಹಳೆಯದನ್ನು ಅವಸರದಲ್ಲಿ ಅಳಿಸಬೇಡಿ. ದುಡ್ಡು ಕಳಿಸುವಾಗ ಒಪ್ಪಿಗೆ ಕೊಡುವ, ಅಲ್ಲಿನ ಬ್ಯಾಂಕುಗಳ ಆ್ಯಪ್ ಆ ಫೋನಿಗೇ ಕಟ್ಟಿಕೊಂಡಿರುತ್ತದೆ. ಹಳೆ ಫೋನ್ ಕೈಯಲ್ಲಿದ್ದರೆ ಹೊಸದಕ್ಕೆ ದಾಟಿಸಬಹುದು. ಅಳಿಸಿದ ಮೇಲೆ ಎಷ್ಟೋ ಬ್ಯಾಂಕುಗಳು ಹೊಸ ಕೋಡನ್ನು ಕಾಗದದ ಪತ್ರದಲ್ಲಿ ಅಂಚೆಗೆ ಹಾಕುತ್ತವೆ. ಅಷ್ಟು ದಿನ ಬಾಡಿಗೆಯೂ ಕಳಿಸಲಿಕ್ಕಾಗುವುದಿಲ್ಲ. ಹೌದು, ಜರ್ಮನಿಯಲ್ಲೇ.

ಕೊನೆಗೆ ಮನೆಗೆ ಮಾಡುವ ಫೋನು. ಅಲ್ಲಿನ ಪ್ಲಾನಿನ ಅನಿಯಮಿತ ಕರೆ ಜರ್ಮನಿಯೊಳಗೆ ಮಾತ್ರ, ಭಾರತಕ್ಕೆ ನಿಮಿಷದ ಲೆಕ್ಕ. ದಿನಾ ವಾಟ್ಸಾಪ್ ಸಾಕು. ಆದರೆ ಜುಲೈಯ ಗಾಳಿಮಳೆಗೆ ನಮ್ಮಲ್ಲಿ ಕರೆಂಟ್ ಹೋದರೆ ವೈಫೈಯೂ ಹೋಯಿತು, ಅಲ್ವಾ? ಆಗ ಮಾಮೂಲಿ ಕರೆಯೇ ಗತಿ. ಮಳೆಗಾಲದ ತಿಂಗಳುಗಳಿಗಾದರೂ ಭಾರತಕ್ಕೆ ಕರೆ ಮಾಡುವ ಹೆಚ್ಚುವರಿ ಪ್ಯಾಕ್ ಹಾಕಿಕೊಳ್ಳಿ. ಅದು ಮೊಬೈಲಿಗೆ ಮಾತ್ರವೋ ಲ್ಯಾಂಡ್‌ಲೈನಿಗೂ ಸೇರಿಯೋ ಅಂತ ಹಾಕುವ ಮೊದಲೇ ನೋಡಿ.