ಜೋರು ಮಳೆಯಲ್ಲಿ ಸೈಕಲ್: ಎಲ್ಲಿ ತುಳಿಯಬೇಕು, ಎಲ್ಲಿ ಇಳಿಯಬೇಕು

ದಿನಾ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುವವರು ಮಳೆ ಎಂದ ಕೂಡಲೇ ರೇನ್‌ಕೋಟ್ ಹುಡುಕುತ್ತಾರೆ. ಅದಕ್ಕೂ ಮೊದಲು ಬ್ರೇಕ್ ನೋಡಬೇಕು. ಮೈ ನೆನೆದರೆ ಒರೆಸಿಕೊಂಡರಾಯಿತು, ಬ್ರೇಕ್ ಹಿಡಿಯದಿದ್ದರೆ ಬೀಳುವುದು ರಸ್ತೆಗೆ.

ಹೊರಡುವ ಮುನ್ನ

ಬ್ರೇಕ್ ರಬ್ಬರ್ ಸವೆದು ಅದರ ಮೇಲಿನ ಗೀರುಗಳು ಮಾಸಿದ್ದರೆ ಬದಲಿಸಿ. ರಬ್ಬರಿನೊಳಗೆ ಮರಳಿನ ಕಣ, ಲೋಹದ ಚೂರು ಸಿಕ್ಕಿಕೊಂಡಿದ್ದರೆ ಪಿನ್ನಿನಿಂದ ಕಿತ್ತು ತೆಗೆಯಿರಿ, ಇಲ್ಲದಿದ್ದರೆ ಅವು ರಿಮ್ಮನ್ನೇ ಉಜ್ಜಿ ತಿನ್ನುತ್ತವೆ. ಟೈರಿನ ಗಾಳಿಯನ್ನು ಒಂಚೂರು ಇಳಿಸಿದರೆ ರಸ್ತೆಯ ಮೇಲಿನ ಹಿಡಿತ ಹೆಚ್ಚುತ್ತದೆ. ತೀರಾ ಇಳಿಸಬೇಡಿ, ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ತೂತಾಗುತ್ತದೆ. ಒದ್ದೆ ರಬ್ಬರನ್ನು ಗಾಜಿನ ಚೂರು ಸಲೀಸಾಗಿ ಕೊಯ್ಯುವುದರಿಂದ ಮಳೆಯಲ್ಲಿ ಪಂಕ್ಚರ್ ಜಾಸ್ತಿ. ಒಂದು ಟ್ಯೂಬ್, ಒಂದು ಸಣ್ಣ ಪಂಪ್ ಜೊತೆಗಿರಲಿ.

ಎರಡೂ ಚಕ್ರಕ್ಕೆ ಮಡ್‌ಗಾರ್ಡ್ ಬೇಕೇ ಬೇಕು. ಮೇಲಿಂದ ಬೀಳುವ ನೀರಿಗಿಂತ ಚಕ್ರ ಎರಚುವ ಕೊಳೆ ನೀರೇ ಬಟ್ಟೆ ಕೆಡಿಸುವುದು. ಹಗಲಾದರೂ ಹಿಂದಿನ ಕೆಂಪು ದೀಪ ಹಚ್ಚಿಕೊಳ್ಳಿ. ಗಾಜಿನ ಮೇಲೆ ನೀರು ಇಳಿಯುತ್ತಿರುವಾಗ ಕಾರಿನವರಿಗೆ ನೀವು ಕಾಣುವುದು ಆ ದೀಪದಿಂದಲೇ. ಮೈಗೆ ಅಂಟಿದಂತಿರುವ ಜಾಕೆಟ್ ಒಳ್ಳೆಯದು; ಅಗಲವಾದ ಪಾಂಚೋ ಗಾಳಿಗೆ ಉಬ್ಬಿ ಸೈಕಲನ್ನು ಪಕ್ಕಕ್ಕೆ ಎಳೆಯುತ್ತದೆ. ಹೆಲ್ಮೆಟ್ಟಿನ ಕೆಳಗೆ ಮುಂಚಾಚಿರುವ ತೆಳು ಟೋಪಿ ಹಾಕಿದರೆ ಹನಿ ಕಣ್ಣಿಗೆ ಬಡಿಯುವುದಿಲ್ಲ. ಬದಲಿ ಬಟ್ಟೆ, ಫೋನು ಪ್ಲಾಸ್ಟಿಕ್ ಚೀಲದೊಳಗಿರಲಿ.

ರಸ್ತೆಯ ಮೇಲೆ

ಬಹಳ ದಿನದ ಬಿಸಿಲಿನ ನಂತರ ಬಂದ ಮಳೆಯ ಮೊದಲ ಕೆಲವು ನಿಮಿಷ ತುಂಬ ಜಾರು. ರಸ್ತೆಯಲ್ಲಿ ಕೂತಿದ್ದ ಎಣ್ಣೆ, ಧೂಳು ನೀರಿನೊಡನೆ ಕಲಸಿಕೊಳ್ಳುತ್ತದೆ. ಬಿಳಿ ಬಣ್ಣದ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ, ಕಬ್ಬಿಣದ ಹಲಗೆ, ಒದ್ದೆ ಎಲೆ ಇವುಗಳ ಮೇಲೆ ಹ್ಯಾಂಡಲ್ ತಿರುಗಿಸಬೇಡಿ, ಬ್ರೇಕ್ ಒತ್ತಬೇಡಿ, ನೇರವಾಗಿ ದಾಟಿಬಿಡಿ. ಹಳಿ ಅಡ್ಡ ಬಂದರೆ ಅದಕ್ಕೆ ಲಂಬವಾಗಿ ಹೋಗಿ.

ರಿಮ್ ಬ್ರೇಕ್, ಅಂದರೆ ರಬ್ಬರ್ ರಿಮ್ಮನ್ನೇ ಅದುಮಿ ನಿಲ್ಲಿಸುವ ಬ್ರೇಕ್, ಇದ್ದವರು ಒಂದು ಅಭ್ಯಾಸ ಮಾಡಿಕೊಳ್ಳಬೇಕು. ಒದ್ದೆ ರಿಮ್ಮಿನ ಮೇಲೆ ನೀರಿನ ತೆಳು ಪದರ ಇರುತ್ತದೆ. ಒತ್ತಿದ ಕ್ಷಣ ರಬ್ಬರ್ ಆ ನೀರನ್ನು ಒರೆಸುತ್ತದೆಯೇ ಹೊರತು ಚಕ್ರವನ್ನು ಹಿಡಿಯುವುದಿಲ್ಲ. ಚಕ್ರ ಕೆಲವು ಸುತ್ತು ತಿರುಗಿದ ಮೇಲೆ ಜಾರುವ ಸದ್ದು ಹೋಗಿ ಉಜ್ಜುವ ಸದ್ದು ಕೇಳುತ್ತದೆ, ಹಿಡಿತ ಸಿಗುವುದು ಆಗ. ಗಾಬರಿಯಲ್ಲಿ ಮೊದಲೇ ಬಲವಾಗಿ ಅದುಮಿದ್ದರೆ ಆ ಹಿಡಿತ ಒಮ್ಮೆಲೇ ಬಂದು ಚಕ್ರ ಜಾರುತ್ತದೆ. ಆದ್ದರಿಂದ ನಿಲ್ಲಬೇಕಾದ ಜಾಗಕ್ಕೆ ಬಹಳ ಮುಂಚೆಯೇ ಎರಡೂ ಬ್ರೇಕನ್ನು ಹಗುರವಾಗಿ ತಾಗಿಸಿ ರಿಮ್ ಒರೆಸಿಕೊಳ್ಳಿ, ಆಮೇಲೆ ಒತ್ತಡ ಹೆಚ್ಚಿಸಿ. ಚಕ್ರದ ನಡುವಿನ ಲೋಹದ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕಿಗೆ ಈ ತೊಂದರೆ ಕಡಿಮೆ. ಆದರೆ ಟೈರ್ ಯಾವ ಬ್ರೇಕಿನವರಿಗೂ ಜಾರುತ್ತದೆ.

ಗುಡುಗು ಕೇಳಿಸಿತೆಂದರೆ ಗಟ್ಟಿ ಕಟ್ಟಡದೊಳಗೆ ಹೋಗಿ. ಮರದ ಕೆಳಗೆ ನಿಲ್ಲಬೇಡಿ. ರಬ್ಬರ್ ಟೈರ್ ಸಿಡಿಲಿನಿಂದ ಕಾಪಾಡುತ್ತದೆ ಎನ್ನುವುದು ಸುಳ್ಳು. ಕೊನೆಯ ಗುಡುಗಿನ ನಂತರ 30 ನಿಮಿಷ ಕಾದು ಹೊರಡಿ.

ನೀರು ನಿಂತಿದ್ದರೆ

ತಳ ಕಾಣದ ನೀರಿಗೆ ಸೈಕಲ್ ಇಳಿಸಬೇಡಿ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಕಂದು ನೀರಿನಡಿ ಗುಂಡಿ ಇರಬಹುದು, ನೀರಿನ ಒತ್ತಡಕ್ಕೆ ಮುಚ್ಚಳ ಎದ್ದುಹೋದ ಮ್ಯಾನ್‌ಹೋಲ್ ಇರಬಹುದು. ಮೇಲಿನಿಂದ ನೋಡಿದರೆ ಎರಡೂ ಒಂದೇ. ಇಳಿಯಿರಿ, ಬೇರೆ ದಾರಿ ಹಿಡಿಯಿರಿ, ಇಲ್ಲವೇ ನೀರು ಇಳಿಯುವವರೆಗೆ ಕಾಯಿರಿ. ತಡವಾಗಿ ತಲುಪುವುದಕ್ಕೆ ಸಂಕೋಚ ಬೇಡ. ತಳ ಕಾಣುವಷ್ಟು ತೆಳು ನೀರಾದರೆ ಸಾಮಾನ್ಯವಾಗಿ ಎತ್ತರವಿರುವ ರಸ್ತೆಯ ನಡುಭಾಗದತ್ತ, ವಾಹನ ನೋಡಿಕೊಂಡು, ಒಂದೇ ವೇಗದಲ್ಲಿ ತುಳಿಯಿರಿ.

ಹರಿಯುವ ನೀರಿನ ಲೆಕ್ಕವೇ ಬೇರೆ. ವೇಗ ಎರಡು ಪಟ್ಟಾದರೆ ಅದರ ತಳ್ಳು ನಾಲ್ಕು ಪಟ್ಟಾಗುತ್ತದೆ. ರಭಸವಾಗಿ ಹರಿಯುವ 15 ಸೆಂಟಿಮೀಟರ್ ನೀರು, ಅಂದರೆ ಪಾದದ ಗಂಟು ಮುಳುಗುವಷ್ಟು, ದೊಡ್ಡವರನ್ನೂ ಕೆಡವಬಲ್ಲದು. ತಳ್ಳಿಕೊಂಡು ದಾಟೋಣ ಎಂದೂ ಹೋಗಬೇಡಿ, ಸೈಕಲ್ ನೀರಿಗೆ ಇನ್ನಷ್ಟು ಅಡ್ಡವಾಗುತ್ತದೆ. ಅಕಸ್ಮಾತ್ ಸಿಕ್ಕಿಕೊಂಡರೆ ಸೈಕಲ್ ಬಿಟ್ಟುಬಿಡಿ. ನೀರಿನಲ್ಲಿ ನಿಂತ ವಿದ್ಯುತ್ ಕಂಬ, ಕಡಿದುಬಿದ್ದ ತಂತಿ ಕಂಡರೆ ಹತ್ತಿರ ಸುಳಿಯಬೇಡಿ.

ಮನೆಗೆ ಬಂದ ಮೇಲೆ

ಮೊದಲು ಕಾಲು ತೊಳೆಯಿರಿ, ಸೋಪು ಹಾಕಿ. ಪ್ರವಾಹದ ನೀರಿನಲ್ಲಿ ಇಲಿ ಮೂತ್ರ ಬೆರೆತಿರಬಹುದು, ಇಲಿಜ್ವರದ ರೋಗಾಣು ಸಣ್ಣ ಗಾಯದಿಂದಲೂ ಒಳಹೋಗುತ್ತದೆ. ಗಾಯವಿದ್ದು, ಮುಂದಿನ ದಿನಗಳಲ್ಲಿ ಜ್ವರ, ಮೀನಖಂಡದ ನೋವು ಕಾಣಿಸಿದರೆ ನೀರಿನಲ್ಲಿ ನಡೆದದ್ದನ್ನು ವೈದ್ಯರಿಗೆ ಹೇಳಿ.

ಸೈಕಲ್ಲಿಗೆ ಶುದ್ಧ ನೀರು ಸುರಿದು ಕೆಸರು ತೆಗೆಯಿರಿ, ಪೈಪಿನ ರಭಸದ ನೀರನ್ನು ಬೇರಿಂಗಿನತ್ತ ಹಿಡಿಯಬೇಡಿ. ಚೈನನ್ನು ಹಳೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಒಂದೊಂದು ಕೊಂಡಿಗೂ ಒಂದೊಂದು ಹನಿ ಎಣ್ಣೆ ಬಿಡಿ. ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ರಿಮ್ಮಿಗಾಗಲಿ ಡಿಸ್ಕಿಗಾಗಲಿ ಎಣ್ಣೆ ತಾಗಬಾರದು. ಸೀಟಿನ ಕಂಬ ಕಿತ್ತು ಸೈಕಲನ್ನು ತಲೆಕೆಳಗು ಮಾಡಿದರೆ ಫ್ರೇಮಿನೊಳಗೆ ನಿಂತ ನೀರು ಹೊರಬರುತ್ತದೆ. ಚಕ್ರದ ನಡುವಿನ ಹಬ್ ಮುಳುಗುವಷ್ಟು ನೀರಿನಲ್ಲಿ ಹೋಗಿದ್ದರೆ ಹಬ್ಬನ್ನೂ ಪೆಡಲ್ ಅಚ್ಚನ್ನೂ ಬಿಚ್ಚಿಸಿ ಹೊಸ ಗ್ರೀಸ್ ಹಾಕಿಸಿ. ಬ್ಯಾಟರಿ ಸೈಕಲ್ ಮುಳುಗಿದ್ದರೆ ಚಾರ್ಜಿಗೆ ಹಾಕದೆ, ಮನೆಯೊಳಗೂ ಇಡದೆ, ಮೊದಲು ಮೆಕ್ಯಾನಿಕ್‌ಗೆ ತೋರಿಸಿ.