ಮೂರು ಇಂಚಿನ ಲಿಫ್ಟ್, ಮೂವತ್ತೇಳು ಇಂಚಿನ ಟೈರ್: ಆಳದ ಹಿಮದಲ್ಲಿ ನನ್ನ ಅನುಭವ

ಟೊಯೋಟಾ ಲ್ಯಾಂಡ್ ಕ್ರೂಸರ್ 80 ಸರಣಿಯ ಗಾಡಿಗೆ 37 ಇಂಚಿನ ಟೈರ್ ಕೂರಿಸಬೇಕಾದರೆ ಆರು ಇಂಚು ಲಿಫ್ಟ್ (ಸಸ್ಪೆನ್ಶನ್ ಬದಲಿಸಿ ಗಾಡಿಯ ಒಡಲನ್ನು ಮೇಲೆತ್ತುವುದು) ಇಲ್ಲದೆ ಆಗದು ಎಂದು ವಾಷಿಂಗ್ಟನ್ ರಾಜ್ಯದ ನನ್ನ ಜೊತೆಗಾರರೆಲ್ಲ ಹೇಳುತ್ತಿದ್ದರು. ನಾನು ಮೂರು ಇಂಚಿಗೇ ನಿಲ್ಲಿಸಿದೆ. ಕಳೆದ ಚಳಿಗಾಲವಿಡೀ ಬ್ಲೂಯೆಟ್ ಪಾಸ್ ಸುತ್ತಲಿನ ಅರಣ್ಯ ರಸ್ತೆಗಳಲ್ಲಿ ಆರು ಇಂಚು ಎತ್ತಿದ ಗಾಡಿಗಳಿಗೆ ದಾರಿ ಮಾಡಿಕೊಟ್ಟದ್ದು ನನ್ನ ಗಾಡಿಯೇ. ಅಡ್ಡ ಇಳಿಜಾರಿನಲ್ಲಿ ಕೆಳಬದಿಯ ಚಕ್ರಗಳು ಹಿಮದೊಳಗೆ ಕುಸಿದಾಗ ಎತ್ತರದ ಗಾಡಿ ಎಷ್ಟು ವಾಲುತ್ತದೆ ಎಂಬುದನ್ನು ಕಂಡವರಿಗೆ ನನ್ನ ಹಟದ ಕಾರಣ ತಿಳಿದೀತು.

ಎತ್ತುವ ಬದಲು ಕತ್ತರಿಸಬೇಕು. ಸ್ಪ್ರಿಂಗ್‌ಗಳನ್ನು ತೆಗೆದಿಟ್ಟು, ಚಕ್ರ ಇನ್ನೂ ಮೇಲೇರದಂತೆ ತಡೆಯುವ ಬಂಪ್ ಸ್ಟಾಪ್ ತಾಗುವವರೆಗೆ ಒಂದೊಂದೇ ಚಕ್ರವನ್ನು ಜ್ಯಾಕಿನಿಂದ ಏರಿಸಿ, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಟೈರ್ ಎಲ್ಲೆಲ್ಲಿ ಉಜ್ಜುತ್ತದೆಯೋ ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿದೆ. ಹಿಂದಿನ ಚಕ್ರದ ಕಮಾನಿನ ಅಂಚನ್ನು ಗ್ರೈಂಡರ್‌ನಿಂದ ಕತ್ತರಿಸಿ ಒಳಕ್ಕೆ ಮಡಿಸಿ, ಬರಿದಾದ ತಗಡಿಗೆ ಅಂದೇ ಪ್ರೈಮರ್ ಬಳಿದೆ. ಮುಂದೆ ಟೈರ್, ಆಕ್ಸಲನ್ನು ಚಾಸಿಗೆ ಜೋಡಿಸುವ ರೇಡಿಯಸ್ ಆರ್ಮ್‌ಗೆ ತಾಗುತ್ತಿತ್ತು; ಚಕ್ರ ಎಷ್ಟು ತಿರುಗಬಹುದೆಂಬ ಮಿತಿ ಹಾಕುವ ಸ್ಟೀರಿಂಗ್ ಸ್ಟಾಪ್ ಬೋಲ್ಟನ್ನು ಸ್ವಲ್ಪ ಹೊರಕ್ಕೆ ತಿರುಗಿಸಿದ್ದರಿಂದ ಅದು ನಿಂತಿತು. ತಿರುಗುವ ಸುತ್ತಳತೆ ಹೆಚ್ಚಾಯಿತು, ಆದರೆ ಹಿಮದಲ್ಲಿ ಅದು ಲೆಕ್ಕಕ್ಕಿಲ್ಲ. ಕ್ಯಾಸ್ಟರ್ (ಮುಂಚಕ್ರ ತಿರುಗುವ ಅಕ್ಷದ ಓರೆ) ಸರಿಪಡಿಸುವುದನ್ನು ಮಾತ್ರ ಯಾರೂ ಮುಂದೂಡಬಾರದು, ಇಲ್ಲವಾದರೆ ಹೆದ್ದಾರಿಯಲ್ಲಿ ಗಾಡಿ ಅಲೆಯುತ್ತದೆ.

ಹಣ ಹೋದದ್ದು ಮೊದಲ ಜೊತೆ ಟೈರ್‌ಗಳಲ್ಲಿ. ಅವು ಹತ್ತು ಪ್ಲೈನ (ಪದರದ) ಇ ಶ್ರೇಣಿಯವು, ಹೆಚ್ಚು ಭಾರ ಹೊರಲೆಂದು ಮಾಡಿದ ಗಡುಸು ಟೈರ್‌ಗಳು. ಗಾಳಿಯ ಒತ್ತಡವನ್ನು ಎಂಟು ಪಿಎಸ್‌ಐಗೆ ಇಳಿಸಿದರೂ ಅವುಗಳ ಪಕ್ಕದ ಗೋಡೆ ಬಗ್ಗಲೇ ಇಲ್ಲ. ಸುಮಾರು 2,000 ಡಾಲರ್ ಕೊಟ್ಟು ತಂದವನ್ನು ಅರ್ಧ ಬೆಲೆಗೆ ಮಾರಿ, ಆರು ಪ್ಲೈನ ಸಿ ಶ್ರೇಣಿಯವನ್ನು ಹಾಕಿಸಿದ ಮೇಲೆಯೇ ಗಾಡಿ ಹಿಮದ ಮೇಲೆ ತೇಲತೊಡಗಿತು. ಸಾದಾ ರಿಮ್‌ನಲ್ಲಿ ಐದು ಪಿಎಸ್‌ಐಗೆ ಇಳಿಸಿದಾಗ ಒಂದು ತಿರುವಿನಲ್ಲಿ ಬೀಡ್ (ರಿಮ್‌ನಲ್ಲಿ ಕೂರುವ ಟೈರಿನ ಅಂಚು) ಕಳಚಿತು. ರ‍್ಯಾಚೆಟ್ ಪಟ್ಟಿ ಬಿಗಿದು ಅದನ್ನು ಮತ್ತೆ ಕೂರಿಸುವಷ್ಟರಲ್ಲಿ ಕತ್ತಲಾಯಿತು. ಆ ಅಂಚನ್ನು ಬಿಗಿಹಿಡಿಯುವ ಬೀಡ್‌ಲಾಕ್ ರಿಮ್‌ಗಳಿಗೆ ಒಂದೊಂದಕ್ಕೆ 350 ಡಾಲರ್‌ನಷ್ಟು ಬಿದ್ದರೂ ಅದು ದುಬಾರಿಯೆಂದು ನನಗೆ ಅನ್ನಿಸಿಲ್ಲ. ಅವು ಹಿಡಿಯುವುದು ಹೊರಬದಿಯ ಬೀಡನ್ನು ಮಾತ್ರ. ಒಳಬದಿ ಜಾರದಂತೆ ನಾನು ಮಾಡಿಕೊಂಡ ಉಪಾಯವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಈ ನಡುವೆ ಮನೆಯಂಗಳದ ಹೊಸ ಹಿಮದ ಮೇಲೆ ಗಾಡಿಯನ್ನು ನಿಲ್ಲಿಸಿ, ಗಾಳಿಯನ್ನು ಹಂತ ಹಂತವಾಗಿ ಇಳಿಸುತ್ತಾ ಟೈರಿನ ಅಚ್ಚನ್ನು ಅಳೆದೆ. 28 ಪಿಎಸ್‌ಐನಲ್ಲಿ ಅಚ್ಚಿನ ಉದ್ದ ಹತ್ತು ಇಂಚಿನಷ್ಟಿತ್ತು. ನಾಲ್ಕಕ್ಕೆ ಇಳಿಸಿದಾಗ ಇಪ್ಪತ್ತರ ಹತ್ತಿರ ಬಂತು. ಅಗಲ ಹೆಚ್ಚಿದ್ದು ಅತ್ಯಲ್ಪ. ದೊಡ್ಡ ಟೈರಿನ ಲಾಭವಿರುವುದು ಅಗಲದಲ್ಲಿ ಎಂದು ವಾದಿಸುವವರಿಗೆ ಈ ಅಚ್ಚನ್ನೇ ತೋರಿಸುತ್ತೇನೆ. ಐಸ್‌ಲ್ಯಾಂಡಿನವರು 38 ಇಂಚಿನ ಟೈರನ್ನು ಹಿಮನದಿಗಳ ಮೇಲೆ ಓಡಿಸುವುದೂ ಹೀಗೆ ಗಾಳಿ ಇಳಿಸಿಕೊಂಡೇ. ಮೊಣಕಾಲುದ್ದದ ಹಿಮಕ್ಕೆ ನನಗೆ ಎಂಟು ಸಾಕು. ತೊಡೆಯವರೆಗೆ ಬಂದರೆ ನಾಲ್ಕು, ಒಮ್ಮೊಮ್ಮೆ ಮೂರು. ಕ್ಯಾಸ್ಕೇಡ್ ಪರ್ವತದ ಪಶ್ಚಿಮ ಮಗ್ಗುಲಿನ ಒದ್ದೆ ಹಿಮಕ್ಕೆ ಇನ್ನೂ ಮೊದಲೇ ಇಳಿಸಬೇಕಾಗುತ್ತದೆ. ಚಕ್ರ ಸುಳಿ ತಿರುಗುವ ಮೊದಲೇ ಆಕ್ಸಿಲರೇಟರ್ ಬಿಟ್ಟು, ತುಳಿದು ಬಂದ ಜಾಡಿನಲ್ಲೇ ಹಿಂದಕ್ಕೆ ಹೋಗಿ ಮತ್ತೆ ನುಗ್ಗಬೇಕು. ಒಮ್ಮೆ ತಿರುಗಲು ಬಿಟ್ಟರೆ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ.

ಮೂಲದ 4.10 ಅನುಪಾತದ ಕ್ರೌನ್ ಪಿನಿಯನ್ (ಆಕ್ಸಲ್‌ನೊಳಗಿನ ಗೇರ್ ಜೋಡಿ) ಈ ಟೈರ್‌ಗಳನ್ನು ಎಳೆಯಲಾರದು. ಎರಡೂ ಆಕ್ಸಲ್‌ಗಳಿಗೆ 4.88 ಹಾಕಿಸಲು ಕೂಲಿ ಸೇರಿ 2,500 ಡಾಲರ್ ಆಸುಪಾಸು ತಗುಲಿತು. ಟೈರ್ ಹಿಗ್ಗಿದ ಪ್ರಮಾಣಕ್ಕೆ ಈ ಅನುಪಾತ ಹೆಚ್ಚುಕಡಿಮೆ ಸರಿಹೊಂದುವುದರಿಂದ ಸ್ಪೀಡೋಮೀಟರ್ ಕೂಡ ತಾನಾಗಿಯೇ ನೆಟ್ಟಗಾಯಿತು. ಮಾರಿದ ಟೈರ್‌ಗಳ ನಷ್ಟವೂ ಸೇರಿ ಒಟ್ಟು ಖರ್ಚು ಒಂಬತ್ತು ಸಾವಿರ ಡಾಲರ್ ದಾಟಿರಬೇಕು. ಆರು ಇಂಚಿನ ಲಿಫ್ಟ್‌ಗೆ ಹೋಗಿದ್ದರೆ ಈ ಟೈರು, ರಿಮ್ಮು, ಪಿನಿಯನ್‌ಗಳ ಖರ್ಚು ಹಾಗೆಯೇ ಉಳಿದು, ಅದರ ಮೇಲೆ ಹೊಸ ಪ್ರೊಪೆಲ್ಲರ್ ಶಾಫ್ಟ್ ಮತ್ತು ಉದ್ದದ ಬ್ರೇಕ್ ಪೈಪುಗಳ ಖರ್ಚೂ ಬೀಳುತ್ತಿತ್ತು.