ಅಳತೆ ಪುಸ್ತಕದ ಕೊನೇ ಹಾಳೆಗಳು: ಪಿಸಿಓಎಸ್ ಜೊತೆ ನನ್ನ ಅನುಭವ

ಹಾಸನದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ನನಗೆ ಪಿಸಿಓಎಸ್, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ, ಇದೆ ಅಂತ ಗೊತ್ತಾದದ್ದು ಮದುವೆಗೆ ಮುಂಚೆ. ಡಾಕ್ಟರು ಸ್ಕ್ಯಾನಿಂಗ್ ನೋಡಿ ಮಾತ್ರೆ ಬರೆದುಕೊಟ್ಟರು. "ತೂಕ ಇಳಿಸಮ್ಮ, ಮದುವೆ ಆದ್ರೆ ಸರಿ ಹೋಗುತ್ತೆ" ಅಂದರು. ಮದುವೆ ಆಯಿತು, ಮಗಳೂ ಹುಟ್ಟಿದಳು. ತೊಂದರೆ ಮಾತ್ರ ಹೋಗಲಿಲ್ಲ. ಮಕ್ಕಳಾದ ಮೇಲೂ ಇದು ಇರುತ್ತೆ, ಶುಗರ್, ಬಿಪಿ, ನಿದ್ದೆ, ಮನಸ್ಸು ಎಲ್ಲವನ್ನೂ ಹಿಡಿದುಕೊಂಡಿರುತ್ತೆ ಅಂತ ಆಗ ಯಾರೂ ಹೇಳಲಿಲ್ಲ. ಓದಿ, ಅಳೆದು, ಬರೆದಿಟ್ಟು ನಾನೇ ತಿಳಿದುಕೊಳ್ಳಬೇಕಾಯಿತು.

ಗಿರಾಕಿಗಳ ಅಳತೆ ಪುಸ್ತಕದ ಕೊನೇ ಹಾಳೆಗಳನ್ನು ನನಗೇ ಇಟ್ಟುಕೊಂಡೆ. ಮುಟ್ಟಿನ ತಾರೀಖು, ಸೊಂಟದ ಸುತ್ತಳತೆ, ಬಿಪಿ, ಎಲ್ಲ ಅದರಲ್ಲೇ. ನಮ್ಮ ಕಡೆ ಹೆಂಗಸರಿಗೆ ಸೊಂಟ 80 ಸೆಂಟಿಮೀಟರ್ ದಾಟಿದರೆ ಹುಷಾರಾಗಬೇಕು. ಟೇಪಿನಲ್ಲಿ ಅದು ಸುಮಾರು 31½ ಇಂಚು. ಟೇಪನ್ನು ಬಿಗಿಯಾಗಿ ಎಳೆಯದೆ, ಉಸಿರು ಬಿಟ್ಟು ಅಳೆಯಬೇಕು. ತೂಕ ಅಲ್ಲಾಡದ ತಿಂಗಳಲ್ಲೂ ಸೊಂಟದ ಅಳತೆ ಇಳಿದದ್ದು ಪುಸ್ತಕದಲ್ಲಿದೆ.

ಮುಟ್ಟಿನ ತಾರೀಖು ಬರೆದಿಡಲೇಬೇಕು. 90 ದಿನ ದಾಟಿದರೂ ಆಗದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಅಂಡ ಬಿಡುಗಡೆ ಆಗದಿದ್ದರೆ ಗರ್ಭಕೋಶದ ಒಳಪದರ ಕಳಚದೆ ದಪ್ಪವಾಗುತ್ತಾ ಹೋಗುತ್ತದೆ. ಹಾಗೇ ವರ್ಷಗಟ್ಟಲೆ ಬಿಟ್ಟರೆ ಕ್ಯಾನ್ಸರಿನ ಅಪಾಯವೂ ಇದೆ. ಹಾಸನಾಂಬೆ ಬಾಗಿಲು ತೆಗೆಯುವ ಹೊತ್ತಿಗೆ ನಮ್ಮ ಬೀದಿಯವರು ಮುಟ್ಟು ಮುಂದಕ್ಕೆ ಹಾಕಲು ಮಾತ್ರೆ ತಗೊಳ್ಳುತ್ತಾರೆ. ನಾನು ಮುಟ್ಟು ಬರಲಿ ಅಂತ ತಗೊಳ್ಳುತ್ತಿದ್ದೆ. "ತಿಂಗಳು ತಿಂಗಳು ಕಾಟ ಇಲ್ಲ, ನಿಂದೇ ಆರಾಮ ಬಿಡು" ಅಂದವರೂ ಇದ್ದಾರೆ. ಅದು ಆರಾಮ ಅಲ್ಲ ಅಂತ ಈಗ ಕೂರಿಸಿಕೊಂಡು ಹೇಳುತ್ತೇನೆ.

ಶುಗರ್ ವಿಷಯಕ್ಕೆ ಬರುತ್ತೇನೆ. ನನಗೆ ಹೆಚ್ಚು ಉಪಯೋಗ ಆದದ್ದು ಇದೇ. ಖಾಲಿ ಹೊಟ್ಟೆಯ ಟೆಸ್ಟ್ ಪ್ರತಿಸಲ ನಾರ್ಮಲ್ ಬರುತ್ತಿತ್ತು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಆದಮೇಲೆ ನೋಡುವ ಟೆಸ್ಟ್ ಇದೆ ಅಂತ ಓದಿ, ಡಾಕ್ಟರನ್ನು ನಾನೇ ಕೇಳಿದೆ. ಅದು 140 ದಾಟಿತ್ತು. ಡಯಾಬಿಟಿಸ್ ಅಲ್ಲ, ಆದರೆ ಅದರ ಹೊಸ್ತಿಲು. ಡಾಕ್ಟರು ಮೆಟ್‌ಫಾರ್ಮಿನ್ ಅನ್ನುವ ಸಕ್ಕರೆ ಕಾಯಿಲೆಯ ಮಾತ್ರೆ ಶುರು ಮಾಡಿದರು, ಜೊತೆಗೆ ಒಂದು ಡಯೆಟ್ ಚೀಟಿ ಕೊಟ್ಟರು. ಅದರಲ್ಲಿ ಓಟ್ಸ್, ಬ್ರೊಕೋಲಿ, ಆಲಿವ್ ಎಣ್ಣೆ. ನಮ್ಮ ಮನೆಯಲ್ಲಿ ಮುದ್ದೆ, ಅಕ್ಕಿ ರೊಟ್ಟಿ, ಅನ್ನ, ಸಾರು. ಇದರಲ್ಲಿ ಎಷ್ಟು ತಿನ್ನಲಿ ಅಂತ ಆ ಚೀಟಿ ಹೇಳಲಿಲ್ಲ.

ಗ್ಲೂಕೋಮೀಟರ್ ತಂದು, ಊಟ ಆಗಿ ಎರಡು ಗಂಟೆಗೆ ಬೆರಳು ಚುಚ್ಚಿ ನೋಡತೊಡಗಿದೆ. ದೊಡ್ಡ ಮುದ್ದೆಗೆ ತಿಳಿ ಸಾರು ಸಾಕು ಅಂದುಕೊಂಡ ದಿನ ಶುಗರ್ ಏರಿತು. ಅದರ ಅರ್ಧ ಮುದ್ದೆ, ಬಟ್ಟಲು ತುಂಬ ಹುರುಳಿಕಾಳೋ ಅವರೆಕಾಳೋ, ಪಕ್ಕದಲ್ಲಿ ಸೊಪ್ಪಿನ ಪಲ್ಯ ಇದ್ದ ದಿನ ಅಷ್ಟು ಏರಲಿಲ್ಲ. "ಏನಮ್ಮ, ಮುದ್ದೆನೂ ಅಳತೆ ಮಾಡಿ ತಿಂತೀಯಾ?" ಅಂತ ಅತ್ತೆ ಕೇಳಿದರು. ಪುಸ್ತಕ ತೋರಿಸಿದೆ. ಈಗ ಕಾಳು ನೆನೆಹಾಕೋದು ಅವರೇ. ಇದು ನನ್ನ ಮೈಯ ಲೆಕ್ಕ, ನಿಮ್ಮದು ಬೇರೆ ಇರಬಹುದು. 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಕೂಡ ಪಿಸಿಓಎಸ್‌ಗೆ ಇಂಥದ್ದೇ ಒಂದು ಡಯೆಟ್ ಮೇಲು ಅಂತ ಹೇಳುವುದಿಲ್ಲ.

ಕೆಲಸದ ಹೊತ್ತನ್ನೂ ಬದಲಾಯಿಸಿದೆ. ಮೆಷಿನ್‌ಗೆ ಮೋಟರ್ ಹಾಕಿಸಿದ ಮೇಲೆ ಕಾಲಿಗೆ ಕೆಲಸವೇ ಇರಲಿಲ್ಲ. ಈಗ ಕಟಿಂಗ್ ಎಲ್ಲ ಮಧ್ಯಾಹ್ನದ ಊಟ ಆದ ಕೂಡಲೇ. ನಿಂತುಕೊಂಡು, ಟೇಬಲ್ ಸುತ್ತ ಓಡಾಡಿಕೊಂಡು ಮಾಡುತ್ತೇನೆ. ಕೂತು ಹೊಲಿಯೋದು ಆಮೇಲೆ.

ಓದುತ್ತಾ ಹೋದ ಹಾಗೆ ಸಿಟ್ಟೂ ಬಂತು. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಅನ್ನುವ ಡಾಕ್ಟರು ಏಳು ಹೆಂಗಸರನ್ನು ನೋಡಿ ಇದರ ಬಗ್ಗೆ ಬರೆದರು. ಇಷ್ಟು ವರ್ಷ ಆದರೂ ಅಮೆರಿಕದಲ್ಲಿ ಪಿಸಿಓಎಸ್‌ಗೆ ಅಂತಲೇ ಒಪ್ಪಿಗೆ ಪಡೆದ ಔಷಧಿ ಇಲ್ಲ. ನಾನು ನುಂಗುವುದು ಸಕ್ಕರೆ ಕಾಯಿಲೆಯ ಮಾತ್ರೆ. 1977ರಿಂದ 1993ರವರೆಗೆ ಅಲ್ಲಿ ಹೊಸ ಔಷಧಿಗಳ ಮೊದಮೊದಲ ಪರೀಕ್ಷೆಗೆ, ಬಸಿರಾಗುವ ವಯಸ್ಸಿನ ಹೆಂಗಸರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಪಿಸಿಓಎಸ್ ಇದ್ದವರ ಮುಖ, ಮೈ ಮೇಲೆ ಬೆಳೆಯುವ ಕೂದಲಿಗೆ ಅಂಕ ಕೊಡುವ ಪದ್ಧತಿ 1961ರಲ್ಲಿ ಲಂಡನ್ನಿನ ಹೆಂಗಸರನ್ನು ನೋಡಿ ಮಾಡಿದ್ದು. ಎಲ್ಲ ಕಡೆಯವರಿಗೂ ಒಂದೇ ಅಂಕ ಹೊಂದಲ್ಲ ಅಂತ ಆಮೇಲೆ ಒಪ್ಪಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 10ರಿಂದ 13 ಜನಕ್ಕೆ ಇದು ಇದೆ. ಇಷ್ಟು ಜನರ ಕಷ್ಟಕ್ಕೆ ಇಷ್ಟೇನಾ ಗಮನ?

ಬ್ಲೌಸಿಗೆ ಕತ್ತಿನ ಅಳತೆ ತೆಗೆಯುವಾಗ ಜಡೆ ಪಕ್ಕಕ್ಕೆ ಸರಿಸುತ್ತೇನೆ. ಕೆಲವು ಹುಡುಗಿಯರ ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿರುತ್ತದೆ. ಮುಟ್ಟಿದರೆ ವೆಲ್ವೆಟ್ ಬಟ್ಟೆ ಮುಟ್ಟಿದ ಹಾಗೆ. "ಎಷ್ಟು ಕಡಲೆಹಿಟ್ಟು ಹಚ್ಚಿ ತಿಕ್ಕಿದ್ರೂ ಹೋಗಲ್ಲ ಅಕ್ಕ, ಸರಿಯಾಗಿ ಸ್ನಾನ ಮಾಡಲ್ಲ ಇವಳು" ಅಂತ ಒಬ್ಬ ತಾಯಿ ಮಗಳ ಎದುರೇ ಅಂದರು. ಆ ಹುಡುಗಿ ತಲೆ ಎತ್ತಲಿಲ್ಲ. ಆಮೇಲೆ ತಾಯಿಯನ್ನು ಒಬ್ಬರನ್ನೇ ಕರೆದು ಹೇಳಿದೆ: ಅದು ಕೊಳೆ ಅಲ್ಲ, ಮೈಯಲ್ಲಿ ಇನ್ಸುಲಿನ್ ಜಾಸ್ತಿ ಆಗಿರೋದರ ಗುರುತು ಇರಬಹುದು, ತಿಕ್ಕಬೇಡಿ, ಶುಗರ್ ಟೆಸ್ಟ್ ಮಾಡಿಸಿ, ಮುಟ್ಟು ಸರಿಯಾಗಿ ಆಗ್ತಿದೆಯಾ ಕೇಳಿ. ಬರೀ ಸ್ಕ್ಯಾನಿಂಗ್ ನೋಡಿ ಹೆದರಬೇಡಿ ಅಂತಲೂ ಹೇಳುತ್ತೇನೆ. ಮೊದಲ ಮುಟ್ಟಾಗಿ ಎಂಟು ವರ್ಷದ ಒಳಗೆ, ಪಿಸಿಓಎಸ್ ಇದೆಯೋ ಇಲ್ಲವೋ ಅಂತ ಸ್ಕ್ಯಾನಿಂಗ್ ಮೇಲೆ ಹೇಳಬಾರದು ಅಂತ ಮಾರ್ಗಸೂಚಿಯಲ್ಲೇ ಇದೆ. ಆ ವಯಸ್ಸಲ್ಲಿ ಚೆನ್ನಾಗಿರುವ ಹುಡುಗಿಯರ ಅಂಡಾಶಯವೂ ಸ್ಕ್ಯಾನಿಂಗ್‌ನಲ್ಲಿ ಪಿಸಿಓಎಸ್ ಇದ್ದವರ ಹಾಗೇ ಕಾಣಬಹುದು.

ನನಗೀಗ ಮುಟ್ಟು ನಿಲ್ಲುವ ವಯಸ್ಸು ಹತ್ತಿರ. ಅದಾದ ಮೇಲೆ ಪಿಸಿಓಎಸ್ ಏನು ಮಾಡುತ್ತದೆ ಅನ್ನುವ ಬಗ್ಗೆ ಅಧ್ಯಯನ ಬಹಳ ಕಡಿಮೆ. ಹೆಚ್ಚಿನವು ಮಕ್ಕಳಾಗುವ ವಿಷಯಕ್ಕೇ ನಿಲ್ಲುತ್ತವೆ. ಹಾಗಾಗಿ ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಪುಸ್ತಕ ತಗೊಂಡೇ ಹೋಗುತ್ತೇನೆ. ಎರಡು ಗಂಟೆಯ ಶುಗರ್ ಟೆಸ್ಟ್ ಒಂದರಿಂದ ಮೂರು ವರ್ಷಕ್ಕೊಮ್ಮೆ ಆಗಬೇಕು, ನನ್ನದು ಈ ವರ್ಷ ಬಾಕಿ ಇದೆ. ಕೊಲೆಸ್ಟ್ರಾಲ್ ಕೂಡ ಅವತ್ತೇ ಮಾಡಿಸುತ್ತೇನೆ.